ನಾಲ್ಕು ಫೈಲು, ಒಂದು ಹಳ್ಳ: ನನ್ನ ಅನುಭವ

ನಮ್ಮ ಹಳ್ಳಕ್ಕೆ ಉಪ್ಪು ಏರದಿರಬೇಕಾದರೆ ನಾಲ್ಕು ಕಡೆಯವರ ಫೈಲು ಒಂದಾಗಬೇಕು ಅಂತ ನಾನಂದಾಗ "ಉಪ್ಪುನೀರಿಗೆ ಫೈಲು ಓದ್ಲಿಕ್ಕೆ ಬರ್ತದಾ ಮಾರಾಯ?" ಅಂತ ಪಂಚಾಯತಿ ಕಟ್ಟೆಯ ಮೇಲೆ ಕೂತು ನಕ್ಕವರೇ ಈಗ ಪಕ್ಕದೂರಿನ ಸದಸ್ಯರನ್ನು ನನ್ನ ಮನೆಗೆ ಕಳಿಸುತ್ತಿದ್ದಾರೆ. ಬಂದವರಿಗೆಲ್ಲ ಹೇಳಿ ಹೇಳಿ ಬಾಯಿ ಸೋತಿತು, ಅದಕ್ಕೇ ಬರೆದಿಟ್ಟೆ. ಕಿಂಡಿ ಅಣೆ ಅಂದರೆ ಹಳ್ಳಕ್ಕೆ ಅಡ್ಡ ಕಟ್ಟಿದ ಗಿಡ್ಡ ಗೋಡೆ. ಅದರ ಕಿಂಡಿಗಳಿಗೆ ಹಲಗೆ ಇಳಿಸಿದರೆ ಮೇಲಿನ ಸಿಹಿನೀರು ನಿಲ್ಲುತ್ತದೆ, ಕೆಳಗಿನ ಉಪ್ಪುನೀರು ಮೇಲೆ ಬರುವುದಿಲ್ಲ.

ನಮ್ಮದು ಅಂಕೋಲಾ ಕಡೆ, ಗಂಗಾವಳಿಗೆ ಸೇರುವ ಸಣ್ಣ ಹಳ್ಳ. ಮಳೆಗಾಲದಲ್ಲಿ ಅಂಗಳಕ್ಕೆ ಬರುವಷ್ಟು ನೀರು. ಫೆಬ್ರವರಿ ದಾಟಿದರೆ ಭರತದ, ಅಂದರೆ ಸಮುದ್ರದ ಉಬ್ಬರದ, ಜೊತೆ ಉಪ್ಪು ಮೇಲೇರುತ್ತದೆ. ಕಿಂಡಿ ಅಣೆ ಒಂದು ಇಲಾಖೆಯದು, ಅದರ ಮೇಲ್ಗಡೆಯ ಕುಡಿಯುವ ನೀರಿನ ಬಾವಿ ಇನ್ನೊಂದರದು, ಗುಡ್ಡ ಅರಣ್ಯದವರದು, ಹೂಳೆತ್ತುವ ನರೇಗಾ ಕೆಲಸ ನಮ್ಮ ಪಂಚಾಯತಿಯದು. 2019ರಲ್ಲಿ ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ ಮಿಷನ್ ಬಂತು. ತಲೆಗೆ ದಿನಕ್ಕೆ 55 ಲೀಟರು, ಊರಲ್ಲಿ ಹೆಚ್ಚುಕಡಿಮೆ 950 ಜನ, ಅಂದರೆ ದಿನಕ್ಕೆ 52 ಸಾವಿರ ಲೀಟರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕಾಗದದಲ್ಲಿ ಬಾವಿ ಹನ್ನೆರಡು ತಿಂಗಳೂ ಸಿಹಿ. ಏಪ್ರಿಲಿನಲ್ಲಿ ಆ ನೀರಿನ ಚಹಾ ಬಾಯಿಗಿಡಲು ಆಗುತ್ತಿರಲಿಲ್ಲ, ಸೋಪಿಗೆ ನೊರೆ ಬರುತ್ತಿರಲಿಲ್ಲ.

ಬಾವಿ ಕೆಡುತ್ತಿದ್ದುದು ಅಣೆಗೆ ಹಲಗೆ ಇಳಿಸುವ ತಾರೀಖು ತಪ್ಪುತ್ತಿದ್ದುದರಿಂದ. ತಾರೀಖು ಒಂದು ಫೈಲಿನಲ್ಲಿ, ಬಾವಿ ಮತ್ತೊಂದರಲ್ಲಿ.

ಮೊದಲ ವರ್ಷ ಯಾರನ್ನೂ ಕೇಳದೆ ದೀಪಾವಳಿ ಮುಗಿದ ಕೂಡಲೇ ನಾವೇ ಹಲಗೆ ಇಳಿಸಿದೆವು. ನವೆಂಬರಿನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಹನ್ನೊಂದು ಹಲಗೆ ಸಮುದ್ರದ ಪಾಲು. ಎರಡನ್ನು ಮೀನು ಹಿಡಿಯುವ ಹುಡುಗರು ಅಳಿವೆಯ ಹತ್ತಿರ ಹಿಡಿದು ತಂದುಕೊಟ್ಟರು. ನಲವತ್ತು ಸಾವಿರದ ಹತ್ತಿರ ಹೋಯಿತು, ಅರ್ಧ ನನ್ನ ಕೈಯಿಂದ. ಮನೆಯಲ್ಲಿ ಹೊಸ ಮಿಕ್ಸರ್ ಮಾತು ಬಂದಾಗೆಲ್ಲ ಆ ಹಲಗೆಗಳ ಹೆಸರು ಈಗಲೂ ಬರುತ್ತದೆ.

ಎರಡನೇ ವರ್ಷ ಶಿಸ್ತಾಗಿ ಅರ್ಜಿ ಕೊಟ್ಟು ಕಾದೆ. ಹಣ ಬಿಡುಗಡೆ ಆಗಿದ್ದು ಫೆಬ್ರವರಿ ಕೊನೆಗೆ. ಅಷ್ಟರಲ್ಲಿ ಉಪ್ಪು ಅಣೆ ದಾಟಿ ಮೇಲೆ ಬಂದಾಗಿತ್ತು. ಆಮೇಲೆ ಹಲಗೆ ಹಾಕಿ ಉಪ್ಪನ್ನೇ ಕಟ್ಟಿ ಇಟ್ಟುಕೊಂಡ ಹಾಗಾಯಿತು, ಹಾಕದಿದ್ದರೇ ವಾಸಿ ಇತ್ತು. ಸಾಲದ್ದಕ್ಕೆ ಪೈಪು ಹಾಕುವವರು ಪಕ್ಕದ ದಂಡೆ ಅಗೆದು ಹಾಗೇ ಬಿಟ್ಟು ಹೋದರು. ಆ ಬೇಸಿಗೆ ಟ್ಯಾಂಕರಿಗೇ ಒಂದೂವರೆ ಲಕ್ಷ.

ಮೂರನೇ ವರ್ಷ ಅರ್ಜಿ ಬರೆಯುವುದನ್ನೇ ಬಿಟ್ಟೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಎಂಟುನೂರು ರೂಪಾಯಿಯ ಟಿಡಿಎಸ್ ಮೀಟರ್ ತಂದು, ವಾರಕ್ಕೊಮ್ಮೆ ಭರತ ಏರಿದ ಹೊತ್ತಿಗೆ ಬಾವಿ ನೀರು ನೋಡಿ ಮಗಳ ಹಳೇ ನೋಟುಬುಕ್ಕಿನಲ್ಲಿ ಬರೆದೆ. ಅಮಾವಾಸ್ಯೆ, ಹುಣ್ಣಿಮೆಗೆ ಒಂದು ಹೆಚ್ಚಿನ ಗೀಟು. ಡಿಸೆಂಬರಿನಲ್ಲಿ ಲೀಟರಿಗೆ 180 ಮಿಲಿಗ್ರಾಂ ಆಸುಪಾಸು, ಮಾರ್ಚ್ ಹುಣ್ಣಿಮೆಗೆ 1,400. ಕುಡಿಯುವ ನೀರಿಗೆ 500ರೊಳಗೆ ಇರಬೇಕು, ಬೇರೆ ಗತಿಯಿಲ್ಲದಿದ್ದರೆ 2000ದವರೆಗೆ ಅನ್ನುತ್ತದೆ ಮಾನದಂಡ. ಆಮೇಲೆ ಒಂದೇ ನಕ್ಷೆಯ ಮೇಲೆ ನಾಲ್ವರ ಕೆಲಸವನ್ನೂ ನಾಲ್ಕು ಬಣ್ಣದಲ್ಲಿ ಗುರುತು ಮಾಡಿ ಎಲ್ಲ ಇಲಾಖೆಗಳ ಕೆಲಸ ಪರಿಶೀಲಿಸುವ ತಾಲೂಕಿನ ಕೆಡಿಪಿ ಸಭೆಗೆ ಒಯ್ದೆ. ಹಣ ಕೇಳಲಿಲ್ಲ. "ಹಲಗೆಯ ತಾರೀಖನ್ನು ಕುಡಿಯುವ ನೀರಿನ ಯೋಜನೆಯೊಳಗೆ ಬರೀರಿ ಸರ್, ಒಂದೇ ಸಾಲು" ಅಂದೆ. ಅದಕ್ಕೂ ಮುಂಚೆ ನಾಲ್ಕೂ ಕಡೆಯವರನ್ನು ಒಂದೇ ದಿನ ಹಳ್ಳದ ದಂಡೆಗೆ ತಂದು ನಿಲ್ಲಿಸಿದ್ದೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಒಂದು ಅಮಾವಾಸ್ಯೆಯೂ ಒಂದು ಊಟವೂ ಇತ್ತು, ಅಷ್ಟು ಸಾಕು.

ಇದೆಲ್ಲ ದಿಲ್ಲಿಯಿಂದಲೇ ಸರಿಯಾಗಬೇಕು ಅನ್ನುವವರಿದ್ದಾರೆ. ದಿಲ್ಲಿಯದೂ ಇದೇ ಕತೆ. ಪ್ರಧಾನಿಯೇ ಅಧ್ಯಕ್ಷರಾದ ರಾಷ್ಟ್ರೀಯ ಜಲಸಂಪನ್ಮೂಲ ಮಂಡಳಿ ಆಗಿದ್ದು 1983ರಲ್ಲಿ. ನೀರಿನ ಯೋಜನೆಯನ್ನು ನದಿ ಕಣಿವೆ ಹಿಡಿದು ಮಾಡಬೇಕು ಅಂತ 1987ರ ಮೊದಲ ಜಲನೀತಿಯೇ ಹೇಳಿತ್ತು. 2002ರಲ್ಲಿ ಒಂದು ನೀತಿ, 2012ರಲ್ಲಿ ಮತ್ತೊಂದು ಬಂತು. ಸಂವಿಧಾನದಲ್ಲಿ ನೀರು ರಾಜ್ಯದ್ದು, ಅಂತರರಾಜ್ಯ ನದಿಯ ನಿಯಂತ್ರಣ ಕೇಂದ್ರದ್ದು. ಕುಡಿಯುವ ನೀರಿನ ಸಚಿವಾಲಯ, ಜಲಸಂಪನ್ಮೂಲ ಸಚಿವಾಲಯ ಎರಡೂ ಜಲಶಕ್ತಿ ಅಂತ ಒಂದಾಗಲು 2019ರ ಮೇ ಬರಬೇಕಾಯಿತು. ಅವರಿಗೇ ಅಷ್ಟು ಕಾಲ ಹಿಡಿದಿರುವಾಗ ನನಗೆ ಮೂರು ವರ್ಷ ಹಿಡಿದದ್ದು ಹೆಚ್ಚೇನಲ್ಲ! ಶಿರಸಿಯ ಭಾವನಿಗೆ ಬೇಡ್ತಿ ನದಿಯ ನೀರನ್ನು ವರದಾ ನದಿಗೆ ತಿರುಗಿಸುವ ಬೇಡ್ತಿ-ವರದಾ ಜೋಡಣೆಯದೇ ಚಿಂತೆ. ಮೇಲೆ ಬೇಡ್ತಿ ನೀರು ತಿರುಗಿದರೆ ಕೆಳಗೆ ಅದೇ ನದಿ ಗಂಗಾವಳಿಯಾಗಿ ಬರುವಾಗ ಉಪ್ಪು ಎಲ್ಲಿವರೆಗೆ ಏರೀತು ಅನ್ನುವುದು ನನ್ನ ಚಿಂತೆ. ಅದು ನೋಟುಬುಕ್ಕಿನಲ್ಲಿ ಮುಗಿಯುವ ಲೆಕ್ಕವಲ್ಲ.

ನಡುವೆ ಹಲಗೆ ಸಂದಿಯ ಸೋರಿಕೆಗೂ ಕೈ ಹಾಕಿದೆ. ತೆಂಗಿನ ನಾರು ಹದಿನೈದು ದಿನಕ್ಕೆ ಕೊಳೆಯಿತು. ಹಳೇ ಸೈಕಲ್ ಟ್ಯೂಬು ಚೆನ್ನಾಗಿ ಕೂತಿತ್ತು, ಏಡಿಗಳು ಕತ್ತರಿಸಿ ಹಾಕಿದವು. ಕೊನೆಗೆ ಎರಡು ಸಾಲು ಹಲಗೆ, ನಡುವೆ ತುಳಿದು ತುಂಬಿದ ಮಣ್ಣು. ಮಣ್ಣಿಗೆ ಏನು ಬೆರೆಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಕಳೆದ ಏಪ್ರಿಲ್ ಕೊನೆಯಲ್ಲಿ ಮೀಟರ್ 420 ತೋರಿಸಿತು. ಟ್ಯಾಂಕರ್ ಒಂದೂ ಬರಲಿಲ್ಲ. ಈ ಸಲ ಡಿಸೆಂಬರ್ ಮೊದಲ ವಾರ ಇಳಿಸುವುದು ಅಂತ ಯೋಜನೆಯಲ್ಲೇ ಬರೆದಿದೆ. ಮೂರು ಹಲಗೆಗೆ ಗೆದ್ದಲು ಹಿಡಿದಿದೆ. ಹೊಸದರ ಖರ್ಚು ಯಾವ ಫೈಲಿಗೆ ಅಂತ ಮೊನ್ನೆಯಿಂದ ಫೋನು ನಡೆಯುತ್ತಿದೆ.