‘ಎ ಲಾಟ್ ಆಫ್’ ಕಲಿಸುವಾಗ ‘ಬಹಳ’ ಬಿಟ್ಟು ‘ರಗಡ’ ಹಿಡಿಯಿರಿ

ಕನ್ನಡ ಮಾಧ್ಯಮದಲ್ಲಿ ಓದಿ, ಬ್ಯಾಂಕ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳ ತಯಾರಿಗೆ ಧಾರವಾಡಕ್ಕೆ ಬರುವವರಿಗೆ ನಾನು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ‘ಎ ಲಾಟ್ ಆಫ್’ ಪಾಠಕ್ಕೆ ಒಂದು ಪೂರ್ತಿ ತಾಸು ಇಡುತ್ತೇನೆ. ಇಷ್ಟು ಸಣ್ಣ ಪದಗುಚ್ಛಕ್ಕೆ ಅಷ್ಟು ಹೊತ್ತು ಯಾಕೆ ಎಂದರೆ, ಇದೊಂದು ಕೂತರೆ ‘ಮಚ್’, ‘ಮೆನಿ’, ‘ವೆರಿ’ ಮೂರೂ ತಾವಾಗಿಯೇ ಜಾಗಕ್ಕೆ ಬರುತ್ತವೆ.

ಗೈಡುಗಳಲ್ಲಿ ‘ಎ ಲಾಟ್ ಆಫ್ ಅಂದರೆ ಬಹಳ’ ಎಂದಿರುತ್ತದೆ. ಕೆಡುವುದು ಅಲ್ಲಿಂದಲೇ. ನಮ್ಮ ‘ಭಾಳ’ ಮೂರು ಕಡೆ ದುಡಿಯುತ್ತದೆ: ಭಾಳ ಮಂದಿ, ಭಾಳ ನೀರು, ಭಾಳ ಛಲೋ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಪದ. ಹುಡುಗರು ಒಂದನ್ನೇ ಎಲ್ಲ ಕಡೆ ಹಚ್ಚುತ್ತಾರೆ. ‘ಟೂ ಮಚ್ ಗುಡ್’, ‘ವೆರಿ ಪೀಪಲ್ ಕೇಮ್’ ಹುಟ್ಟುವುದು ಹಾಗೆ. ಅದಕ್ಕೆ ನಾನು ನಮ್ಮ ಉತ್ತರ ಕರ್ನಾಟಕದ ‘ರಗಡ’ ಹಿಡಿದು ಶುರು ಮಾಡುತ್ತೇನೆ. ರಗಡ ಮಂದಿ, ರಗಡ ನೀರು, ರಗಡ ರೊಕ್ಕ ಎನ್ನುತ್ತೇವೆ. ‘ಗಿಡ ರಗಡ ಎತ್ತರ ಐತಿ’ ಎಂದರೆ ಕಿವಿಗೆ ಒಗ್ಗುವುದಿಲ್ಲ, ಅಲ್ಲಿ ‘ಭಾಳ’ವೇ ಬೇಕು. ರಗಡ ಕೂತಲ್ಲಿ ‘ಎ ಲಾಟ್ ಆಫ್’, ಕೂರದಲ್ಲಿ ‘ವೆರಿ’. ದಕ್ಷಿಣದ ಜಿಲ್ಲೆಗಳಿಂದ ಬಂದವರಿಗೆ ರಗಡ ಗೊತ್ತಿಲ್ಲದಿದ್ದರೆ ‘ಬೇಕಾದಷ್ಟು’ ಕೊಡುತ್ತೇನೆ. ಅದು ‘ಪ್ಲೆಂಟಿ ಆಫ್’ಗೆ ಇನ್ನೂ ಹತ್ತಿರದ್ದು, ಆದರೂ ಕೆಲಸ ನಡೆಯುತ್ತದೆ. ‘ತುಂಬಾ’ ಮಾತ್ರ ಕೊಡಬೇಡಿ, ಅದೂ ‘ಭಾಳ’ದ ಹಾಗೆ ಎಲ್ಲದರ ಮುಂದೆ ಬಂದು ನಿಲ್ಲುತ್ತದೆ.

ಬೋರ್ಡಿನ ಮೇಲೆ ಹತ್ತು-ಹನ್ನೆರಡು ನಾಮಪದ ಕನ್ನಡದಲ್ಲೇ ಬರೆಯುತ್ತೇನೆ: ನೀರು, ಮಂದಿ, ರೊಕ್ಕ, ಎತ್ತು, ಅಕ್ಕಿ, ಪುಸ್ತಕ, ಸಾಮಾನು, ಮಾಹಿತಿ, ಕೆಲಸ, ಹೊತ್ತು. ಮೊದಲ ಸುತ್ತಿನಲ್ಲಿ ಬರೀ ‘ರಗಡ’ ಸೇರಿಸಿ ಗಟ್ಟಿಯಾಗಿ ಹೇಳಿಸುವುದು, ಎರಡನೆಯ ಸುತ್ತಿನಲ್ಲಿ ಇಂಗ್ಲಿಷ್. ಇಲ್ಲಿ ಎರಡು ತಪ್ಪು ಎದ್ದು ಕಾಣುತ್ತವೆ. ‘ಎ ಲಾಟ್ ಆಫ್ ಬುಕ್’ ಎನ್ನುತ್ತಾರೆ, ಏಕೆಂದರೆ ಕನ್ನಡದಲ್ಲಿ ‘ಹತ್ತು ಪುಸ್ತಕ’ ಎಂದರೆ ಸಾಕು, ‘ಗಳು’ ಬೇಕಿಲ್ಲ. ಇನ್ನೊಂದು ಇದರ ತಿರುಗುಮುರುಗು: ‘ಎಸ್’ ಹಚ್ಚಬೇಕೆಂದು ಕಲಿತ ಮೇಲೆ ‘ಇನ್ಫರ್ಮೇಶನ್ಸ್’, ‘ಫರ್ನಿಚರ್ಸ್’, ‘ಲಗೇಜಸ್’, ‘ಅಡ್ವೈಸಸ್’ ಎಲ್ಲಕ್ಕೂ ಹಚ್ಚುತ್ತಾರೆ. ಈ ನಾಲ್ಕರ ಜೊತೆ ‘ಇಕ್ವಿಪ್‌ಮೆಂಟ್’, ‘ಹೋಮ್‌ವರ್ಕ್’ ಸೇರಿಸಿ ಬಾಯಿಪಾಠ ಮಾಡಿಸುತ್ತೇನೆ, ಬೇರೆ ದಾರಿ ಇಲ್ಲ. ರೊಕ್ಕದ ವಿಷಯದಲ್ಲಿ ಮಾತ್ರ ಜಗಳ ಗ್ಯಾರಂಟಿ. ‘ರೊಕ್ಕ ಎಣಿಸ್ತೀವಲ್ರೀ ಸರ’ ಎನ್ನುತ್ತಾರೆ. ಎಣಿಸುವುದು ರೂಪಾಯಿ, ನೋಟು. ‘ಟೂ ಮನಿ, ತ್ರೀ ಮನಿ’ ಎಂದು ಯಾರೂ ಎಣಿಸುವುದಿಲ್ಲ. ‘ಎಷ್ಟು’ ಎಂಬ ಒಂದೇ ಪದ ಎಣಿಕೆಗೂ ಅಳತೆಗೂ ನಡೆಯುವುದರಿಂದ ‘ಹೌ ಮೆನಿ ಮನಿ’ ಎಂಬ ತಪ್ಪೂ ಇಲ್ಲೇ ಬರುತ್ತದೆ, ಅದನ್ನು ಇಲ್ಲೇ ಮುಗಿಸುವುದು ಒಳ್ಳೆಯದು.

ಪರೀಕ್ಷೆಯ ‘ತಪ್ಪು ಗುರುತಿಸಿ’ ಪ್ರಶ್ನೆಯಲ್ಲಿ ಅಂಕ ಹೋಗುವುದು ಕ್ರಿಯಾಪದದಲ್ಲಿ. ‘ಎ’ ಇದೆ, ಹಾಗಾಗಿ ಏಕವಚನ ಎಂದುಕೊಂಡು ‘ಎ ಲಾಟ್ ಆಫ್ ಪೀಪಲ್ ಈಸ್’ಗೆ ಟಿಕ್ ಹಾಕುತ್ತಾರೆ. ಕ್ರಿಯಾಪದ ನೋಡುವುದು ‘ಆಫ್’ ಆದಮೇಲೆ ಬರುವ ನಾಮಪದವನ್ನು: ‘ಎ ಲಾಟ್ ಆಫ್ ರೈಸ್ ಈಸ್’, ‘ಎ ಲಾಟ್ ಆಫ್ ಪೀಪಲ್ ಆರ್’. ‘ಲಾಟ್ಸ್ ಆಫ್’ ಬಂದರೂ ಇದೇ ಲೆಕ್ಕ, ‘ಲಾಟ್ಸ್ ಆಫ್ ವಾಟರ್ ಈಸ್’. ನಡುವೆ ಇನ್ನೊಂದು ನಾಮಪದ ತುರುಕಿ ದಾರಿ ತಪ್ಪಿಸುವುದೂ ಉಂಟು: ‘ಎ ಲಾಟ್ ಆಫ್ ದ ವರ್ಕ್ ಇನ್ ದೀಸ್ ಆಫೀಸಸ್ ಈಸ್ ಪೆಂಡಿಂಗ್’. ‘ಆಫೀಸಸ್’ ನೋಡಿ ‘ಆರ್’ ಬರೆದರೆ ಹೋಯಿತು. ‘ಆಫ್’ ಪಕ್ಕದ ‘ವರ್ಕ್’ ಕೆಳಗೆ ಗೆರೆ ಎಳೆದು, ‘ಇನ್’ನಿಂದ ಮುಂದಿನದನ್ನು ಬೆರಳಿನಿಂದ ಮುಚ್ಚಿ ಓದಲು ಹೇಳುತ್ತೇನೆ.

ಹಾವೇರಿ ಕಡೆಯ ಹುಡುಗರು ಇಲ್ಲಿ ಒಂದು ಒಳ್ಳೆಯ ತಕರಾರು ತೆಗೆಯುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಅವರು ‘ಲಾಟ್’ ಕೇಳಿಯೇ ಬೆಳೆದಿರುತ್ತಾರೆ. ದಲಾಲಿ ಅಂಗಡಿಯ ಮುಂದೆ ಒಬ್ಬ ರೈತನ ಒಂದೇ ನಮೂನೆಯ ಚೀಲಗಳು ಸೇರಿ ಒಂದು ಲಾಟ್. ಅದಕ್ಕೊಂದು ನಂಬರು, ಟೆಂಡರಿನಲ್ಲಿ ಒಂದು ದರ. ಎರಡೇ ಚೀಲ ಇದ್ದರೂ ಅದು ಲಾಟೇ, ರಗಡ ಆಗಿರಬೇಕೆಂದಿಲ್ಲ. ಮೂಲದಲ್ಲಿ ಈ ಇಂಗ್ಲಿಷ್ ಪದ ಪಾಲು ಹಂಚಲು ಎತ್ತುವ ಚೀಟಿಯಂಥ ವಸ್ತುವಿನದು. ‘ಅಲಾಟ್’, ‘ಲಾಟರಿ’ ಇದರ ನೆಂಟರು. ಚೀಟಿಯಿಂದ ಪಾಲು, ಪಾಲಿನಿಂದ ಒಂದು ಕಟ್ಟು ಸರಕು, ಆಮೇಲೆ ‘ರಗಡ’ ಎಂಬ ಅರ್ಥ ಬಂತು. ಮಾರುಕಟ್ಟೆಯ ಲಾಟ್ ಆದರೆ ಕ್ರಿಯಾಪದ ಲಾಟನ್ನೇ ನೋಡುತ್ತದೆ: ‘ದಿಸ್ ಲಾಟ್ ಆಫ್ ಚಿಲ್ಲೀಸ್ ಈಸ್ ಡ್ರೈ’. ರಗಡ ಎಂಬ ಅರ್ಥವಾದರೆ ‘ಎ ಲಾಟ್ ಆಫ್ ಚಿಲ್ಲೀಸ್ ಆರ್ ಡ್ರೈ’. ಲಾಟಿಗೆ ನಂಬರು ಹಚ್ಚಲು ಬರುತ್ತದೆಯೇ ನೋಡಿ, ಬಂದರೆ ಏಕವಚನ. ಔಷಧದ ಪೊಟ್ಟಣದ ಮೇಲಿನ ‘ಲಾಟ್ ನಂಬರ್’ ಕೂಡ ಇದೇ ಲಾಟ್.

ಪ್ರಶ್ನೆ ಮತ್ತು ನಿಷೇಧ ವಾಕ್ಯಗಳಲ್ಲಿ ‘ಮಚ್’, ‘ಮೆನಿ’ ಸಲೀಸು: ‘ದೇರ್ ಈಸಂಟ್ ಮಚ್ ವಾಟರ್’. ಅಲ್ಲಿ ‘ಎ ಲಾಟ್ ಆಫ್’ ತಪ್ಪು ಎಂದು ಕೆಲವು ಗೈಡು ಬರೆಯುತ್ತವೆ, ಅದನ್ನು ನಂಬಬೇಡಿ. ಕಿವಿಗೆ ಗಡುಸಾಗುವುದು ‘ಐ ಹ್ಯಾವ್ ಮಚ್ ಮನಿ’ ಎಂಬಂಥ ಸಾದಾ ವಾಕ್ಯ. ‘ಸೋ ಮಚ್’, ‘ಟೂ ಮಚ್’ಗೆ ಈ ತೊಡಕಿಲ್ಲ.

ಹೋಲಿಕೆಗೆ ‘ವೆರಿ ಬಿಗರ್’ ನಡೆಯದು, ‘ಎ ಲಾಟ್ ಬಿಗರ್’ ಅಥವಾ ‘ಮಚ್ ಬಿಗರ್’. ಇಲ್ಲಿ ‘ಆಫ್’ ಬರುವುದಿಲ್ಲ. ಕ್ರಿಯಾಪದದ ಜೊತೆ ಬಂದಾಗ ‘ಎ ಲಾಟ್’ ಕರ್ಮಪದದ ಆಚೆ ಕೂರುತ್ತದೆ: ‘ಹಿ ಹೆಲ್ಪ್ಸ್ ಮಿ ಎ ಲಾಟ್’.

ಬರವಣಿಗೆಯಲ್ಲಿ ‘ಎ’ ನುಂಗಿ ‘ಐ ಹ್ಯಾವ್ ಲಾಟ್ ಆಫ್ ಡೌಟ್ಸ್’ ಎಂದು ಬರೆಯುವುದು ಎಲ್ಲರ ರೋಗ. ಒಂದೋ ‘ಎ ಲಾಟ್’ ಬೇಕು, ಇಲ್ಲವೇ ‘ಲಾಟ್ಸ್’. ‘ಎ’ ಮತ್ತು ‘ಲಾಟ್’ ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆದರೆ ಅದು ತಪ್ಪು ಕಾಗುಣಿತ. ಅದಕ್ಕೆ ಇನ್ನೊಂದು ‘ಎಲ್’ ಸೇರಿತೋ, ಹಂಚಿಕೆ ಮಾಡು ಎಂಬ ಬೇರೆಯೇ ಪದ ಆಗುತ್ತದೆ. ಕಚೇರಿ ಪತ್ರ, ಪ್ರಬಂಧಗಳಲ್ಲಿ ‘ಲಾಟ್ಸ್ ಆಫ್’ ತೀರಾ ಸಲಿಗೆಯ ಮಾತಾಗುತ್ತದೆ. ಎಣಿಸುವುದಕ್ಕೆ ‘ಎ ಲಾರ್ಜ್ ನಂಬರ್ ಆಫ್’, ಅಳೆಯುವುದಕ್ಕೆ ‘ಎ ಗ್ರೇಟ್ ಡೀಲ್ ಆಫ್’ ಬರೆಸುತ್ತೇನೆ. ಇವೆರಡನ್ನು ಅದಲುಬದಲು ಮಾಡುವವರಿಗೆ ಮತ್ತೆ ಬೋರ್ಡಿನ ಪಟ್ಟಿಯೇ ಗತಿ: ಮಂದಿ, ಎತ್ತು, ಪುಸ್ತಕಕ್ಕೆ ‘ನಂಬರ್’, ಹೊತ್ತು, ರೊಕ್ಕ, ಕೆಲಸಕ್ಕೆ ‘ಡೀಲ್’.