ನೆಲಕ್ಕೆ ಕಾಲು ಎಟುಕುತ್ತಾ? ಕುಳ್ಳಗಿರುವವರು ಮೊದಲ ಬೈಕ್ ಆರಿಸುವ ಬಗೆ

ಶೋರೂಂ ಒಳಗೆ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಸೇಲ್ಸ್ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸ್ಕೂಟರ್ ಆ ಕಡೆ ಇದೆ ಮೇಡಂ" ಎಂದ. "ಬೈಕ್ ನೋಡಬೇಕಿತ್ತು" ಎಂದೆ. "ಯಾರಿಗೆ?" ಎಂದು ಕೇಳಿದ.

ನನ್ನ ಎತ್ತರ 152 ಸೆಂ.ಮೀ. ಐದು ಅಡಿಗೆ ಕೂದಲೆಳೆಯಷ್ಟು ಕಮ್ಮಿ. ಹುಡುಗ ತೋರಿಸಿದ ಬೈಕ್ ಹತ್ತಿ ಕೂತೆ. ಎರಡೂ ಹಿಮ್ಮಡಿ ಗಾಳಿಯಲ್ಲಿ. ಗಾಡಿ ಒಂದಿಷ್ಟು ವಾಲಿತು, ಎದೆ ಧಸಕ್ಕೆಂದಿತು, ಇಳಿದು ಮನೆಗೆ ಬಂದೆ. ಬೈಕ್ ನನ್ನಂಥವರಿಗಲ್ಲ ಅಂತ ಸುಮ್ನೆ ಎರಡು ವರ್ಷ ಕಳೆದೆ. ಆಮೇಲೆ ಗೊತ್ತಾಯಿತು, ತಪ್ಪಿದ್ದದ್ದು ನನ್ನ ಎತ್ತರದಲ್ಲಲ್ಲ, ನಾನು ಬೈಕ್ ನೋಡಿದ ರೀತಿಯಲ್ಲಿ.

ಎರಡೂ ಪಾದ ಪೂರ್ತಿ ನೆಲಕ್ಕೆ ಊರಲೇಬೇಕು ಅಂತ ಎಲ್ಲೂ ನಿಯಮವಿಲ್ಲ. ಮೂರು ಬಾರಿ ವಿಶ್ವ ಚಾಂಪಿಯನ್ ಆದ ರೇಸರ್ ಡಾನಿ ಪೆಡ್ರೋಸಾ ಅವರ ಎತ್ತರ ಸುಮಾರು 160 ಸೆಂ.ಮೀ. ಅಷ್ಟೇ. ಆದರೆ ಅವರು ರೇಸರ್, ನಾವು ಹೊಸಬರು. ಹೊಸಬರಿಗೆ ನಿಂತ ಗಾಡಿಯೇ ಕಷ್ಟ, ಓಡುವ ಗಾಡಿ ಅಲ್ಲ. ಸಿಗ್ನಲ್, ಪಾರ್ಕಿಂಗ್, ಇಳಿಜಾರು, ಯು ಟರ್ನ್ ಇಲ್ಲೇ ಬೀಳುವುದು ಜಾಸ್ತಿ. ಹಾಗಾಗಿ ನಿಂತಾಗ ಹಿಡಿತಕ್ಕೆ ಸಿಗುವ ಬೈಕ್ ಹುಡುಕಬೇಕು. ಓಡುವಾಗಿನ ಮಾತು ಆಮೇಲೆ.

ಮೊದಲು ಕಾಲು ಅಳೆಯಿರಿ

ಎತ್ತರ ಎಷ್ಟು ಅನ್ನುವುದಕ್ಕಿಂತ ಕಾಲು ಎಷ್ಟುದ್ದ ಅನ್ನುವುದು ಮುಖ್ಯ. ಒಂದೇ ಎತ್ತರದ ಇಬ್ಬರಲ್ಲಿ ಕಾಲಿನ ಉದ್ದ ಬೇರೆ ಬೇರೆ ಇರುತ್ತದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಎರಡು ಕಾಲಿನ ನಡುವೆ ಇಟ್ಟು, ಸೈಕಲ್ ಸೀಟಿನ ಮೇಲೆ ಕೂತ ಹಾಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪ್ ಹಿಡಿದು ಅಳೆಯಿರಿ. ನನ್ನದು 70 ಸೆಂ.ಮೀ. ಬಂತು.

ಇನ್ನು ಬೈಕಿನ ಸೀಟ್ ಹೈಟ್. ಇದು ಕಂಪನಿಯ ವೆಬ್‌ಸೈಟಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಇರುತ್ತದೆ. ಸಾಮಾನ್ಯವಾಗಿ ಯಾರೂ ಕೂರದ ಗಾಡಿಯಲ್ಲಿ ಅಳೆದದ್ದು. ನಾವು ಕೂತ ಕೂಡಲೇ ಸಸ್ಪೆನ್ಷನ್ (ಗುದ್ದು ತಡೆಯುವ ಸ್ಪ್ರಿಂಗು) ಕುಗ್ಗಿ ಸೀಟು ಎರಡು ಮೂರು ಸೆಂ.ಮೀ. ಇಳಿಯುತ್ತದೆ. ಹಗುರ ಇರುವವರಿಗೆ ಇನ್ನೂ ಕಮ್ಮಿ.

800 ಮಿ.ಮೀ. ಸೀಟಿನ ಗಾಡಿಯನ್ನೇ ತೆಗೆದುಕೊಳ್ಳಿ. ಕೂತಾಗ ಸುಮಾರು 77 ಸೆಂ.ಮೀ.ಗೆ ಬಂತು. ನನ್ನ ಕಾಲು 70, ಶೂ ಅಟ್ಟೆ 3, ಒಟ್ಟು 73. ಬಾಕಿ ಉಳಿದದ್ದು 4 ಸೆಂ.ಮೀ. ಹಿಮ್ಮಡಿ ಎತ್ತಿದರೆ ಮುಂಗಾಲು ಸಿಗಬೇಕು, ಅಲ್ವಾ? ಇಲ್ಲೇ ಲೆಕ್ಕ ಕೈಕೊಡುವುದು. ಕಾಲು ನೇರ ಕೆಳಗೆ ಇಳಿಯುವುದಿಲ್ಲ, ಸೀಟನ್ನು ಸುತ್ತಿಕೊಂಡು ಇಳಿಯುತ್ತದೆ. ಸೀಟು ಅಗಲ ಇದ್ದಷ್ಟೂ ತೊಡೆ ಹರಡಿಕೊಂಡು ನೆಲ ದೂರ ಹೋಗುತ್ತದೆ.

ಕವಾಸಾಕಿ ನಿಂಜಾ 400 ಸೀಟಿನ ಎತ್ತರ 785 ಮಿ.ಮೀ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಅದಕ್ಕಿಂತ ಎರಡು ಸೆಂ.ಮೀ. ತಗ್ಗು, 765. ಕಾಗದದಲ್ಲಿ ಮೀಟಿಯರ್ ಗೆಲ್ಲಬೇಕು. ಕೂತು ನೋಡಿದರೆ ನನಗೆ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಥರ ಕಾಲು ಎಟುಕಿತು. ನಿಂಜಾ ಸೀಟು ಟ್ಯಾಂಕಿಗೆ ಸೇರುವ ಕಡೆ ಕಿರಿದು, ಅದಕ್ಕೆ. ಹಾಗಾಗಿ ಕಾಲಿನ ಅಳತೆಗಿಂತ ಹತ್ತು ಸೆಂ.ಮೀ.ವರೆಗೆ ಎತ್ತರದ ಸೀಟುಗಳನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಅದಕ್ಕಿಂತ ಮೇಲಿನದನ್ನು ಸದ್ಯಕ್ಕೆ ಬಿಡಿ. ಹೋಂಡಾ ಸಿಆರ್‌ಎಫ್300ಎಲ್ ಥರದ ಮಣ್ಣುದಾರಿ ಬೈಕಿನ ಸೀಟು 880 ಮಿ.ಮೀ. ನೋಡಿ ಖುಷಿಪಟ್ಟು ಮುಂದೆ ಹೋಗಿ.

ತಗ್ಗಿದೆ ಅಂತ ಮರುಳಾಗಬೇಡಿ

ಕುಳ್ಳಗಿರುವವರು ಬೈಕ್ ಕೇಳಿದರೆ ಎಲ್ಲರೂ ಕ್ರೂಸರ್, ಅಂದರೆ ತಗ್ಗು ಸೀಟಿನ, ಉದ್ದನೆಯ ಬೈಕ್‌ಗಳ ಕಡೆ ಕೈ ತೋರಿಸುತ್ತಾರೆ. ಹೋಂಡಾ ರೆಬೆಲ್ 500 ಸೀಟು 690 ಮಿ.ಮೀ., ಕವಾಸಾಕಿ ವಲ್ಕನ್ ಎಸ್ 705, ಬಜಾಜ್ ಅವೆಂಜರ್ 737. ಎತ್ತರದ ಮಟ್ಟಿಗೆ ಸಲಹೆ ಸರಿಯೇ. ಆದರೆ ವಲ್ಕನ್ ಎಸ್ ತೂಕ 220 ಕೆ.ಜಿ.ಗೂ ಜಾಸ್ತಿ. ಎರಡೂ ಪಾದ ನೆಲದಲ್ಲಿದ್ದರೂ ಅಷ್ಟು ಭಾರ ಒಂದು ಕಡೆಗೆ ವಾಲಿದರೆ ತಡೆಯುವುದು ಕಷ್ಟ.

ತೂಕದ ವ್ಯತ್ಯಾಸ ನೋಡಬೇಕೆಂದರೆ ಹೋಂಡಾ ಗ್ರೋಮ್ ಮತ್ತು ಮೀಟಿಯರ್ ಪಕ್ಕ ಪಕ್ಕ ಇಡಿ. ಸೀಟು ಒಂದರದ್ದು 761, ಇನ್ನೊಂದರದ್ದು 765. ಬರೀ ನಾಲ್ಕು ಮಿಲಿಮೀಟರ್ ಅಂತರ. ತೂಕ ಮಾತ್ರ ಗ್ರೋಮ್ ಸುಮಾರು 103 ಕೆ.ಜಿ., ಮೀಟಿಯರ್ 191. ಒಬ್ಬ ದಪ್ಪ ಮನುಷ್ಯನಷ್ಟು ಹೆಚ್ಚು! ತುದಿಗಾಲಲ್ಲಿ ನಿಂತು ಹಗುರವಾದ ಗಾಡಿ ಹಿಡಿಯುವುದು ಪೂರ್ತಿ ಪಾದ ಊರಿ ಭಾರದ ಗಾಡಿ ಹಿಡಿಯುವುದಕ್ಕಿಂತ ಎಷ್ಟೋ ಸಲ ಸುಲಭ. ನನ್ನ ಮಟ್ಟಿಗೆ ಮೊದಲ ಬೈಕ್ 170 ಕೆ.ಜಿ. ಒಳಗಿದ್ದರೆ ಒಳ್ಳೆಯದು. ತೂಕ ಓದುವಾಗ ಕರ್ಬ್ ವೇಟ್ ಎಂದಿರುವುದನ್ನೇ ನೋಡಿ. ಅದರಲ್ಲಿ ಪೆಟ್ರೋಲ್, ಆಯಿಲ್ ಎಲ್ಲ ಸೇರಿರುತ್ತದೆ. 15 ಲೀಟರ್ ಪೆಟ್ರೋಲ್ ಅಂದರೆ ಸುಮಾರು 11 ಕೆ.ಜಿ., ಅದೂ ಗಾಡಿಯ ಮೇಲ್ಭಾಗದಲ್ಲಿ. ಕಲಿಯುವ ದಿನಗಳಲ್ಲಿ ಟ್ಯಾಂಕ್ ಫುಲ್ ಮಾಡಿಸದೆ ಅರ್ಧಕ್ಕೆ ನಿಲ್ಲಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಕ್ರೂಸರಿನಲ್ಲಿ ಇನ್ನೊಂದು ತಾಪತ್ರಯ ಇದೆ. ಕೆಲವಕ್ಕೆ ಫುಟ್‌ರೆಸ್ಟ್ ತುಂಬಾ ಮುಂದೆ. ನೆಲ ಸಿಗುತ್ತದೆ, ಬ್ರೇಕ್ ಪೆಡಲ್ ಸಿಗುವುದಿಲ್ಲ! ವಲ್ಕನ್ ಎಸ್‌ನಲ್ಲಿ ಫುಟ್‌ರೆಸ್ಟನ್ನು ಮೂರು ಜಾಗದಲ್ಲಿ ಕೂರಿಸಲು ಬರುವ ಹಾಗೆ ಮಾಡಿದ್ದು ಅದಕ್ಕೇ.

ಶೋರೂಂನಲ್ಲಿ ನಾಚಿಕೆ ಬಿಡಿ

ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ಹೋಗಿ. ಚಪ್ಪಲಿಯಲ್ಲಿ ಕೂತು ನೋಡಿದ ಅಳತೆ ಅಳತೆಯಲ್ಲ. ಬೈಕ್ ಹಿಡಿದುಕೊಳ್ಳಲು ಒಬ್ಬರನ್ನು ನಿಲ್ಲಿಸಿಕೊಂಡು ಇದನ್ನೆಲ್ಲ ಮಾಡಿ ನೋಡಿ.

ಸೈಡ್ ಸ್ಟ್ಯಾಂಡ್‌ನಲ್ಲಿ ನಿಂತ ಗಾಡಿ ಹತ್ತಿ, ನೆಟ್ಟಗೆ ಮಾಡಿ. ಇದಕ್ಕೇ ತಿಣುಕಾಡಿದಿರಿ ಅಂದರೆ ಆ ಗಾಡಿ ಅಲ್ಲಿಗೇ ಬಿಡಿ. ನೆಟ್ಟಗಾಯಿತಾ? ಈಗ ಸೀಟಿನ ಮುಂಭಾಗಕ್ಕೆ ಸರಿದು, ಸೊಂಟವನ್ನು ಎಡಕ್ಕೆ ಅರ್ಧ ಜಾರಿಸಿ. ಎಡ ಪಾದ ಪೂರ್ತಿ ನೆಲಕ್ಕೆ ಸಿಗಬೇಕು, ಬಲ ಪಾದ ಬ್ರೇಕ್ ಪೆಡಲ್ ಮೇಲಿರಬೇಕು. ಕುಳ್ಳಗಿರುವವರು ಸಿಗ್ನಲ್‌ನಲ್ಲಿ ನಿಲ್ಲುವುದು ಹೀಗೇ. ಒಂದು ಪಾದ ಗಟ್ಟಿಯಾಗಿ ಊರಿದರೆ ಸಾಕು. ಎರಡು ಕಡೆ ಬರೀ ಬೆರಳ ತುದಿ ತಾಗಿಸಿಕೊಂಡು ಓಲಾಡುವುದಕ್ಕಿಂತ ಇದು ಭದ್ರ. ಅತ್ತಿತ್ತ ಎರಡು ಕಡೆಗೂ ಸೊಂಟ ಜಾರಿಸಿ ನೋಡಿ. ರಸ್ತೆಯ ನಡು ಎತ್ತರ, ಅಂಚು ತಗ್ಗು ಇರುತ್ತದೆ. ಅಂಚಿನ ಕಡೆಯ ಕಾಲಿಗೆ ನೆಲ ಇನ್ನೊಂದಿಷ್ಟು ಕೆಳಗೆ ಸಿಗುತ್ತದೆ.

ಆಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ದೂರ ಹೋಗುವ ಕೈ ಹಿಡಿ ಬಿಟ್ಟುಬಿಡುತ್ತದಾ? ಮೈ ಮುಂದಕ್ಕೆ ಎಳೆಯುತ್ತದಾ? ಹಾಗಿದ್ದರೆ ಯು ಟರ್ನ್‌ನಲ್ಲಿ ಫಜೀತಿ ಆಗುತ್ತದೆ. ನೇರ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಕ್ಲಚ್, ಬ್ರೇಕ್ ಲಿವರ್‌ಗಳಿಗೆ ಬೆರಳಿನ ಮೊದಲ ಗೆಣ್ಣಾದರೂ ಆರಾಮಾಗಿ ಸುತ್ತಬೇಕು. ಇದನ್ನು ಯಾರೂ ಹೇಳುವುದಿಲ್ಲ, ಎಲ್ಲರೂ ಕಾಲಿನ ಬಗ್ಗೆಯೇ ಮಾತಾಡುತ್ತಾರೆ. ಕುಳ್ಳಗಿರುವವರ ಅಂಗೈಯೂ ಚಿಕ್ಕದಿರುತ್ತದೆ ಅಲ್ವಾ? ದೂರದ ಲಿವರ್ ಹಿಡಿದು ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಹೋದರೆ ಎಡಗೈ ಜೋಮು ಹಿಡಿಯುತ್ತದೆ. ಕೆಲವು ಬೈಕುಗಳಲ್ಲಿ ಲಿವರ್ ಹತ್ತಿರ ತರುವ ಸಣ್ಣ ಚಕ್ರ ಇರುತ್ತದೆ. ಇಲ್ಲದಿದ್ದರೆ ಹೊರಗಿನಿಂದ ಅಂಥ ಲಿವರ್ ಹಾಕಿಸಬಹುದು. ಅಸಿಸ್ಟ್ ಕ್ಲಚ್ (ಕಡಿಮೆ ಬಲಕ್ಕೇ ಒತ್ತಲು ಬರುವ ಕ್ಲಚ್) ಇದ್ದರೆ ಇನ್ನೂ ಹಗುರ.

ಕೊನೆಗೆ ಕೆಳಗಿಳಿದು ಗಾಡಿಯನ್ನು ಹಿಂದಕ್ಕೆ ತಳ್ಳಿ. ಆಮೇಲೆ ಮೇಲೆ ಕೂತೇ ಕಾಲಲ್ಲಿ ಹಿಂದೂಡಿ. ತುದಿಗಾಲಲ್ಲಿ ಇದು ಆಗುವುದಿಲ್ಲ. ಆಗದಿದ್ದರೆ ಬೇಜಾರಿಲ್ಲ, ಇಳಿದು ತಳ್ಳಿದರಾಯಿತು. ಆದರೆ ಇಳಿದೂ ತಳ್ಳಲಾಗದ ಗಾಡಿ ತೆಗೆದುಕೊಳ್ಳಬೇಡಿ.

ಇಂಜಿನ್ ವಿಷಯ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 125ರಿಂದ 400 ಸಿಸಿ ಒಳಗೆ, ನಿಧಾನಕ್ಕೆ ಕ್ಲಚ್ ಬಿಟ್ಟಾಗ ಜರ್ಕ್ ಹೊಡೆಯದೆ, ಆಫ್ ಆಗದೆ ಹೊರಡುವಂಥದ್ದು ಸಾಕು. ಸಿಗ್ನಲ್‌ನಲ್ಲಿ ಇಂಜಿನ್ ತಟಕ್ಕನೆ ಆಫ್ ಆದಾಗಲೇ ಹೊಸಬರು ಬ್ಯಾಲೆನ್ಸ್ ತಪ್ಪುವುದು. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರಲಿ. ಇದರಲ್ಲಿ ಉಳಿತಾಯದ ಮಾತು ಬೇಡ.

ಸೀಟು ತಗ್ಗಿಸುವ ಆಸೆ

ಮನಸ್ಸಿಗೆ ಹಿಡಿಸಿದ ಬೈಕ್ ಮೂರು ಸೆಂ.ಮೀ. ಎತ್ತರ ಆಯಿತು. ಏನು ಮಾಡುವುದು? ಮೊದಲು ದಪ್ಪ ಅಟ್ಟೆಯ ಬೂಟು ನೋಡಿ. ಖರ್ಚೂ ಕಮ್ಮಿ, ಗಾಡಿಗೂ ಏನೂ ಆಗುವುದಿಲ್ಲ. ಗೇರ್ ಲಿವರ್ ಕೆಳಗೆ ಬೂಟಿನ ತುದಿ ತೂರುತ್ತದಾ ಅಂತ ಮಾತ್ರ ನೋಡಿಕೊಳ್ಳಿ. ಕಂಪನಿಯದ್ದೇ ಲೋ ಸೀಟ್ ಸಿಗುತ್ತದಾ ಕೇಳಿ. ಸೀಟಿನ ಫೋಮ್ ಕತ್ತರಿಸುವುದಾದರೆ ಎತ್ತರ ಇಳಿಸುವುದಕ್ಕಿಂತ ಮುಂಭಾಗದ ಎರಡು ಪಕ್ಕ ಕಿರಿದು ಮಾಡಿಸಿ. ಎತ್ತರ ಇಳಿಸಿದರೆ ಸೀಟು ಹಲಗೆಯಾಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಕಡಿಮೆ ಮಾಡಿಸಿದರೂ ಒಂದಿಷ್ಟು ಇಳಿಯುತ್ತದೆ.

ಲೋವರಿಂಗ್ ಲಿಂಕ್, ಅಂದರೆ ಗಾಡಿಯ ಹಿಂಭಾಗ ತಗ್ಗಿಸುವ ಸಸ್ಪೆನ್ಷನ್ ಕೊಂಡಿ, ಹಾಕಿಸುವುದು ಕೊನೆಯ ದಾರಿ. ನನ್ನ ಮೊದಲ ಬೈಕಿಗೆ ನಾನು ಅದನ್ನೇ ಮೊದಲು ಮಾಡಿದೆ. ಮೆಕ್ಯಾನಿಕ್ ಒಂದು ಗಂಟೆಯಲ್ಲಿ ಹಿಂಭಾಗ ತಗ್ಗಿಸಿ ಕೊಟ್ಟ. ಕಾಲು ಎಟುಕಿತು, ಹಾಡು ಗುನುಗಿಕೊಂಡು ಮನೆಗೆ ಬಂದೆ. ಸೈಡ್ ಸ್ಟ್ಯಾಂಡ್ ಹಾಕಿ ಹೆಲ್ಮೆಟ್ ತೆಗೆಯುತ್ತಿದ್ದೆ. ಗಾಡಿ ಯಾಕೋ ಸೆಟೆದು ನಿಂತ ಹಾಗೆ ಕಾಣಿಸಿತು. ಯಾಕೆ ಅಂತ ಯೋಚಿಸುವಷ್ಟರಲ್ಲಿ ಅದು ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಬಲಕ್ಕೆ ಮಗುಚಿಕೊಂಡಿತು. ಕನ್ನಡಿ ಪುಡಿ, ಬ್ರೇಕ್ ಲಿವರ್ ಬಾಗಿತು. ಗಾಡಿ ತಗ್ಗಿತ್ತು, ಸ್ಟ್ಯಾಂಡ್ ಮೊದಲಿನಷ್ಟೇ ಉದ್ದ ಇತ್ತು. ಎಡಕ್ಕೆ ವಾಲಲು ಜಾಗವೇ ಇರಲಿಲ್ಲ. ಹಾಗಾಗಿ ಹಿಂಭಾಗ ತಗ್ಗಿಸಿದರೆ ಸೈಡ್ ಸ್ಟ್ಯಾಂಡನ್ನೂ ಗಿಡ್ಡ ಮಾಡಿಸಬೇಕು, ಮುಂದಿನ ಫೋರ್ಕನ್ನೂ (ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆ) ತಕ್ಕ ಹಾಗೆ ತಗ್ಗಿಸಬೇಕು. ಇಲ್ಲದಿದ್ದರೆ ಹ್ಯಾಂಡಲ್ ತಿರುಗುವ ರೀತಿಯೇ ಬದಲಾಗುತ್ತದೆ. ಇಷ್ಟೆಲ್ಲ ಮಾಡಿದರೂ ಹಂಪ್‌ಗಳಲ್ಲಿ ಹೊಟ್ಟೆ ಉಜ್ಜುತ್ತದೆ, ತಿರುವಿನಲ್ಲಿ ಫುಟ್‌ರೆಸ್ಟ್ ಬೇಗ ನೆಲಕ್ಕೆ ತಾಗುತ್ತದೆ. ಕಾಲು ಪಳಗಲಿ ಅಂತ ಮೂರು ತಿಂಗಳು ಕಾದಿದ್ದರೆ ನನಗೆ ಆ ಲಿಂಕೇ ಬೇಕಾಗುತ್ತಿರಲಿಲ್ಲ.

ಬೀಳುತ್ತದೆ, ಎತ್ತುವುದು ಕಲಿಯಿರಿ

ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ತಿರುಗಿದ ಕಡೆಗೇ ಧೊಪ್ಪೆಂದು ಬೀಳುತ್ತದೆ. ನಿಲ್ಲಿಸುವ ಮೊದಲು ಹ್ಯಾಂಡಲ್ ನೇರ ಮಾಡಿ, ಕೊನೆಯ ಹತ್ತಡಿ ಹಿಂದಿನ ಬ್ರೇಕ್ ಮೇಲೆ ಬನ್ನಿ. ಕಾಲಿಡುವ ಜಾಗದಲ್ಲಿ ಗುಂಡಿ, ಜಲ್ಲಿ ಇದೆಯಾ ಅಂತ ಮೊದಲೇ ಕಣ್ಣಾಡಿಸಿ. ಆದರೂ ಒಂದು ದಿನ ಬೀಳುತ್ತದೆ. ವಾಲುವ ಗಾಡಿ ಕೈಮೀರಿತು ಅನ್ನಿಸಿದರೆ ಹಿಡಿದು ಹೋರಾಡಬೇಡಿ, ಬಿಟ್ಟು ಪಕ್ಕಕ್ಕೆ ಸರಿಯಿರಿ. ಲಿವರ್ ಹೊಸದು ಸಿಗುತ್ತದೆ, ಮೊಣಕಾಲು ಸಿಗುವುದಿಲ್ಲ.

ಎತ್ತುವುದು ಬೆನ್ನಿನ ಕೆಲಸವಲ್ಲ, ತೊಡೆಯ ಕೆಲಸ. ಮೊದಲು ಇಂಜಿನ್ ಆಫ್. ಗಾಡಿ ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಎತ್ತಿದ ಗಾಡಿ ಆ ಕಡೆಗೆ ಮಗುಚುತ್ತದೆ. ಉರುಳದ ಹಾಗೆ ಗೇರ್‌ನಲ್ಲಿರಲಿ. ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಕುಂಡೆ ಒತ್ತಿ ಕುಕ್ಕರಗಾಲಲ್ಲಿ ಕೂರಿ. ಒಂದು ಕೈಯಲ್ಲಿ ನೆಲದ ಕಡೆಯ ಹ್ಯಾಂಡಲ್ ಹಿಡಿ, ಇನ್ನೊಂದರಲ್ಲಿ ಹಿಂದಿನ ಗ್ರಾಬ್ ರೈಲ್ (ಹಿಂದೆ ಕೂರುವವರು ಹಿಡಿಯುವ ಕಂಬಿ) ಹಿಡಿದುಕೊಳ್ಳಿ. ಬೆನ್ನು ನೇರ ಇಟ್ಟು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ಗಾಡಿ ತಾನಾಗಿ ಏಳುತ್ತದೆ. ಇದನ್ನು ಹುಲ್ಲಿನ ಮೇಲೆ, ಗೊತ್ತಿದ್ದವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಒಮ್ಮೆ ಬೇಕೆಂದೇ ಮಾಡಿ ನೋಡಿ.

ಮೊದಲ ಗಾಡಿ ಸೆಕೆಂಡ್ ಹ್ಯಾಂಡ್ ಆದರೆ ಬಿದ್ದಾಗ ಕರುಳು ಚುರುಕ್ಕೆನ್ನುವುದಿಲ್ಲ ಅನ್ನುವುದು ನನ್ನ ಅನುಭವ. ಹೊಸದೇ ಬೇಕೆಂದರೆ ಬುಕ್ ಮಾಡುವ ಮೊದಲು ಇನ್ನೊಂದು ದಿನ ಹೋಗಿ ಮತ್ತೆ ಕೂತು ನೋಡಿ. ಮೊದಲ ದಿನ ಹೆದರಿಕೆಗೆ ಕಾಲು ಗಿಡ್ಡವಾಗಿರುತ್ತದೆ. ತೆಗೆದುಕೊಂಡ ದಿನ ಕ್ಲಚ್ ಲಿವರ್, ಗೇರ್ ಲಿವರ್ ಎತ್ತರ, ಕನ್ನಡಿ ಇವನ್ನೆಲ್ಲ ನಿಮ್ಮ ಅಳತೆಗೆ ಸರಿಮಾಡಿಸಿಕೊಂಡೇ ಅಲ್ಲಿಂದ ಹೊರಡಿ. ಮನೆಯಲ್ಲಿ ನಿಲ್ಲಿಸುವಾಗ ಮುಂದಿನ ಚಕ್ರ ಏರಿನ ಕಡೆಗಿರಲಿ, ಗಾಡಿ ಗೇರ್‌ನಲ್ಲಿರಲಿ. ಬೆಳಿಗ್ಗೆ ತೆಗೆಯುವಾಗ ಹಿಂದಕ್ಕೆ ತಳ್ಳುವ ಕೆಲಸ ಅರ್ಧ ಇಳಿಜಾರೇ ಮಾಡಿಕೊಡುತ್ತದೆ.