ಮರಿಯ ತಟ್ಟೆ ಬೇರೆ, ಹೇಂಟೆಯ ತಟ್ಟೆ ಬೇರೆ

ಕುಣಿಗಲ್ ಕಡೆಯ ನಮ್ಮ ತೋಟಕ್ಕೆ ಮೊದಲ ಸಲ ಗಿರಿರಾಜ ತಳಿಯ ಕೋಳಿಮರಿಗಳನ್ನು ತಂದಾಗ, ಕೋಳಿಗೆ ನಾಲ್ಕು ಕಾಳು ಎರಚಿದರೆ ಸಾಕು ಎಂದುಕೊಂಡಿದ್ದೆ. ಅಮ್ಮ ಸಾಕುತ್ತಿದ್ದ ನಾಟಿ ಕೋಳಿಗಳು ತಿಪ್ಪೆ ಕೆದರಿಕೊಂಡೇ ಬೆಳೆದಿದ್ದವು. ಆದರೆ ಅಲ್ಲಿ ತಾಯಿ ಕೋಳಿ ಇರುತ್ತಿತ್ತು. ಗೆದ್ದಲನ್ನು ಹೆಕ್ಕಿ, ಲೊಕ್‌ಲೊಕ್ ಎಂದು ಕರೆದು ಮರಿಗಳ ಮುಂದೆ ಹಾಕುತ್ತಿತ್ತು. ಪೆಟ್ಟಿಗೆಯಲ್ಲಿ ಬಂದ ಮರಿಗೆ ಆ ತಾಯಿತನವನ್ನೆಲ್ಲ ನಾವೇ ಮಾಡಬೇಕು.

ಆ ವರ್ಷ ನಲವತ್ತರಲ್ಲಿ ಹನ್ನೊಂದು ಮರಿಗಳು ಸತ್ತವು. ಮರಿ ಮೇವು ಮುಗಿದಿತ್ತೆಂದು ಮೊಟ್ಟೆ ಕೋಳಿಗಳ ಮೇವನ್ನೇ ಎರಡು ವಾರ ಹಾಕಿದ್ದೆ. ಪಶುವೈದ್ಯರು ಸತ್ತ ಮರಿಯೊಂದನ್ನು ಕೊಯ್ದು ತೋರಿಸಿದರು: ಯಕೃತ್ತಿನ ಮೇಲೆ, ಹೃದಯದ ಸುತ್ತ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಮೊಟ್ಟೆ ಕೋಳಿಯ ಮೇವಿನಲ್ಲಿ ಶೇ. 3.5ರಷ್ಟು ಕ್ಯಾಲ್ಸಿಯಂ ಇರುತ್ತದೆ. ಮರಿಗೆ ಬೇಕಾದದ್ದು ಶೇ. 1ರಷ್ಟು ಮಾತ್ರ. ಮಿಕ್ಕದ್ದನ್ನು ಹೊರಹಾಕಲಾರದೆ ಆ ಪುಟ್ಟ ಮೂತ್ರಪಿಂಡ ಸೋಲುತ್ತದೆ, ಯೂರಿಕ್ ಆಮ್ಲ ಮೈಯೊಳಗೇ ಉಳಿದು ಹೀಗೆ ಬಿಳಿ ಪುಡಿಯಾಗಿ ಕೂರುತ್ತದೆ. ಅಂದಿನಿಂದ ಆ ಎರಡು ಮೇವಿನ ಚೀಲಗಳನ್ನು ನಾನು ಒಂದೇ ಕೋಣೆಯಲ್ಲಿ ಇಡುವುದಿಲ್ಲ.

ಈಗ ಮರಿ ಬಂದ ಕೂಡಲೇ ಮೊದಲು ನೀರು, ಬೆಲ್ಲ ಕರಗಿಸಿದ ಉಗುರುಬೆಚ್ಚಗಿನ ನೀರು. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ಕೊಕ್ಕಿನ ತುದಿಯನ್ನು ಅದ್ದುತ್ತೇನೆ. ಕತ್ತೆತ್ತಿ ಗುಟುಕರಿಸಿತೆಂದರೆ ಕಲಿತಂತೆ. ಒಂದೆರಡು ಗಂಟೆ ಬಿಟ್ಟು ಹಳೆಯ ಪತ್ರಿಕೆಯ ಮೇಲೆ ಮುಸುಕಿನ ಜೋಳದ ನುಚ್ಚು ಹರಡುತ್ತೇನೆ. ಮರುದಿನದಿಂದ ಎಂಟು ವಾರ ಶೇ. 20ರಷ್ಟು ಪ್ರೋಟೀನ್ ಇರುವ ಮರಿ ಮೇವು. ಮೊದಲ ರಾತ್ರಿ ಮಲಗುವ ಮುನ್ನ ಕೆಲವು ಮರಿಗಳ ಕತ್ತಿನ ಬುಡವನ್ನು ಬೆರಳಿನಿಂದ ಮುಟ್ಟಿ ನೋಡುತ್ತೇನೆ. ನುಂಗಿದ ಮೇವು ಮೊದಲು ಸೇರುವ ಅಲ್ಲಿನ ಚೀಲ ನೆನೆದ ಕಡಲೆಯಂತೆ ಮೆತ್ತಗೆ ದುಂಡಗೆ ಸಿಕ್ಕರೆ ನೆಮ್ಮದಿ. ಖಾಲಿಯಿದ್ದರೆ ಮೇವನ್ನು ದೂರುವ ಮೊದಲು ಬಲ್ಬಿನ ಶಾಖ ನೋಡಬೇಕು. ಚಳಿಯಾದ ಮರಿಗಳು ಒಂದರ ಮೇಲೊಂದು ಗುಂಪುಗೂಡುತ್ತವೆಯೇ ಹೊರತು ಮೇವಿನ ಕಡೆ ಬರುವುದಿಲ್ಲ.

ಎಂಟು ವಾರ ದಾಟಿದ ಮೇಲೆ ಅಷ್ಟು ಆತಂಕವಿಲ್ಲ. ಬೆಳವಣಿಗೆಯ ಮೇವಿನ ಜೊತೆ ರಾಗಿ, ಸೊಪ್ಪು, ತೊಟ್ಟಿಯ ನೀರಲ್ಲಿ ತೇಲಿ ಬೆಳೆಯುವ ಅಜೋಲಾ ಸಸ್ಯ ಎಲ್ಲವೂ ನಡೆಯುತ್ತದೆ. ಇಡೀ ಕಾಳು ತಿನ್ನುವ ಕೋಳಿಗೆ ಹೊಟ್ಟೆಯೊಳಗೆ ಅದನ್ನು ಅರೆಯಲು ಸಣ್ಣ ಕಲ್ಲಿನ ಚೂರು ಸಿಗುವಂತಿರಬೇಕು. ಒಂದು ವಿಷಯದಲ್ಲಿ ಮಾತ್ರ ನನ್ನದು ಹಟ: ಬೂಷ್ಟು ಹಿಡಿದ ಜೋಳವನ್ನು, ಕಡಲೆಕಾಯಿ ಹಿಂಡಿಯನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ತರುವುದಿಲ್ಲ. ಆ ಬೂಷ್ಟಿನ ವಿಷ ಯಕೃತ್ತನ್ನೇ ಹಾಳುಮಾಡುತ್ತದೆ, ಬಿಸಿಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಜೋಳ ಹಲ್ಲಿಗೆ ಕಟ್ಟೆಂದು ಮುರಿಯಬೇಕು. ಮೆತ್ತಗಾದರೆ ಒಳಗೆ ತೇವವಿದೆ ಎಂದೇ ಅರ್ಥ.

ಮೊಟ್ಟೆ ಶುರುವಾದ ಮೇಲೆಯೇ ಮೊಟ್ಟೆ ಕೋಳಿ ಮೇವು, ದಿನಕ್ಕೆ ಒಂದಕ್ಕೆ 110ರಿಂದ 120 ಗ್ರಾಂ. ಸಿಪ್ಪೆಗೆ ಬೇಕಾದ ಕ್ಯಾಲ್ಸಿಯಂಗೆಂದು ಒಡೆದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿ ಇಡುತ್ತೇನೆ. ಮೊಟ್ಟೆಯ ಸಿಪ್ಪೆ ಹೆಚ್ಚಾಗಿ ಕಟ್ಟಿಕೊಳ್ಳುವುದು ರಾತ್ರಿ. ಅದಕ್ಕೇ ಸಂಜೆ ಗೂಡು ಸೇರುವ ಮುನ್ನ ಹೇಂಟೆಗಳು ಆ ಬಟ್ಟಲಿಗೆ ಮುಗಿಬಿದ್ದು ಟಕಟಕನೆ ಕುಕ್ಕುತ್ತವೆ. ಹುಂಜ ಅತ್ತ ಒಮ್ಮೆ ಇಣುಕಿ, ಸುಮ್ಮನೆ ಗೂಡು ಹತ್ತುತ್ತದೆ.